ನೀರು ಕುಡಿಯದ ಬ್ಯಾಟರಿ

ಕಲಾಸಿಪಾಳ್ಯದಲ್ಲಿ ಅಪ್ಪನ ಅಂಗಡಿ.
ಬೋರ್ಡಿನ ಮೇಲೆ ಮುನೇಶ್ವರ, ಕೆಳಗೆ ಸಣ್ಣಕ್ಷರದಲ್ಲಿ
ಎಲ್ಲಾ ತರಹದ ಬ್ಯಾಟರಿ ರಿಪೇರಿ.
ಲಾರಿಯವರು ಹೊತ್ತು ತರುವ ಕರಿ ಪೆಟ್ಟಿಗೆಗಳ
ಆರಾರು ಬಾಯಿ ಬಿಚ್ಚಿ ಅಪ್ಪ ನೀರು ಹಾಕುತ್ತಾನೆ,
ಹಟದ ಮಕ್ಕಳಿಗೆ ಕಷಾಯ ಹಾಕಿದ ಹಾಗೆ
ಗುಟುಕು ಗುಟುಕಾಗಿ, ಮಾತಾಡಿಸುತ್ತ.
ಅವನ ಅಂಗಿಗಳೆಲ್ಲ ಆಸಿಡ್ ತಿಂದು ಜರಡಿ.
ಅಮ್ಮ ಒಂದನ್ನು ಬಿಸಿಲಿಗೆ ಹಿಡಿದು
‘ನೋಡೇ, ಹಗಲಲ್ಲೇ ನಕ್ಷತ್ರ’ ಅನ್ನುತ್ತಿದ್ದಳು.

ನಾನು ಪೀಣ್ಯದಲ್ಲಿ, ಎರಡನೇ ಹಂತ.
ಗಾಜಿನ ಪೆಟ್ಟಿಗೆಯೊಳಕ್ಕೆ ಮೊಳಕೈ ದಾಟಿ ತೋಳು ತೂರಿಸಿ
ಕಪ್ಪು ರಬ್ಬರಿನ ಬೆರಳುಗಳಿಂದ
ಬೆಣ್ಣೆಯಷ್ಟು ಮೆತ್ತಗಿನ ಲೋಹ ಕತ್ತರಿಸುತ್ತೇನೆ.
ಇಲ್ಲಿ ನೀರೆಂದರೆ ಕಳ್ಳ.
ಉಸಿರಿನ ಪಸೆ, ಹಣೆಯ ಬೆವರು, ಆಗಷ್ಟೇ ಅತ್ತ ಕಣ್ಣು,
ಯಾವುದಕ್ಕೂ ಪ್ರವೇಶವಿಲ್ಲ.
ತುಸು ತೇವ ಸೋಕಿತೋ, ಹಳದಿ ಪುಡಿ
ಕೊಳೆತ ಮೊಟ್ಟೆಯ ನಾತ ಬಿಟ್ಟು
ವಂಶವನ್ನೆಲ್ಲ ಬೈಯುತ್ತದೆ.

ಮುದ್ದೆ ಮುರಿಯುತ್ತ ಅಪ್ಪ ಕೇಳುತ್ತಾನೆ:
‘ನೀರೂ ಇಲ್ಲ, ಆಸಿಡ್ಡೂ ಇಲ್ಲ.
ಮತ್ತೇನು ಕುಡಿದು ಬದುಕ್ತದಮ್ಮಾ ಅದು?’
ಕಲ್ಲು ಕಣಪ್ಪಾ. ಕಲ್ಲಿನೊಳಗೇ
ನಡ್ಕೊಂಡು ಹೋಗುತ್ತೆ ಚಾರ್ಜು.
‘ಕಲ್ಲಿನೊಳಗೆ ನಡೆಯೋನು
ನಮ್ಮ ಮುನೇಶ್ವರ ಒಬ್ನೇ’
ಅಂದು ಸಾರು ಬಡಿಸಿಕೊಂಡ.

ಓಟ, ಓಟ, ಅನ್ನುತ್ತಾರೆ ಎಲ್ಲರೂ.
ಕುರಿಯನ್ ಸಾರ್ ಗೋಡೆಗೆ ಅಂಟಿಸಿದ ಭೂಪಟದಲ್ಲಿ
ಜಪಾನಿನ ಮೇಲೆ ಕೆಂಪು ಗುಂಡುಸೂಜಿ ಒತ್ತೊತ್ತಾಗಿ,
ಚೀನಾಕ್ಕೆ ಸೂಜಿಯೇ ಸಾಲದೆ ಪೆನ್ನಿನ ಚುಕ್ಕೆ,
ಕೊರಿಯಾಕ್ಕೆ ಮೂರು. ನಮಗೊಂದು, ಅದೂ ಸೊಟ್ಟ.
ಹತ್ತು ನಿಮಿಷಕ್ಕೆ ತುಂಬಬೇಕು. ಬೆಂಕಿ ಹತ್ತಬಾರದು.
ಸಾವಿರ ಸಲ ತುಂಬಿ ಬರಿದಾಗಿಯೂ ಬೇಸರಿಸಬಾರದು.
ದೀಪಾವಳಿಯೊಳಗೆ ಆಗಬೇಕು.
ಯಾವ ದೀಪಾವಳಿ ಅಂತ ಹೇಳುವುದಿಲ್ಲ.

ಹೊರಗೆ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ
ನಾಲ್ಕೇ ಸೆಕೆಂಡಿಗೆ ನೂರು ಮುಟ್ಟಬಲ್ಲ ಕಾರು
ಸೊಪ್ಪಿನ ತಳ್ಳುಗಾಡಿಯ ಹಿಂದೆ
ಇಪ್ಪತ್ತು ನಿಮಿಷದಿಂದ ನಿಂತಿದೆ.

ನಾನೂರ ಹನ್ನೆರಡನೆಯ ಬಿಲ್ಲೆ.
ಹೆಸರಿಡಬಾರದು ಅಂತ ನಿಯಮ; ಗುಟ್ಟಾಗಿ ಗುಂಡಿ ಅನ್ನುತ್ತಿದ್ದೆ,
ಅಂಗಿಯ ಗುಂಡಿಯಷ್ಟೇ ಇತ್ತಲ್ಲ.
ನೂರು ಸುತ್ತು. ಇನ್ನೂರು. ದೇಚಮ್ಮ ಕಾಫಿ ತಂದಳು,
ಹಬೆಗೂ ಒಳಗೆ ಜಾಗವಿಲ್ಲದ್ದಕ್ಕೆ ಎರಡು ಬಾಗಿಲಾಚೆ ನಿಂತು ಕುಡಿದೆವು.
ಮುನ್ನೂರ ಆರನೆಯ ಸುತ್ತಿಗೆ
ಪರದೆಯ ಮೇಲಿನ ಗೆರೆ
ಒಮ್ಮೆಲೇ ಮಂಡಿಯೂರಿತು.

ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ
ಕೂದಲಿಗಿಂತ ಸಪೂರ ಬೆಳ್ಳಿ ಬೇರು
ಕಲ್ಲು ಸೀಳಿಕೊಂಡು ಆಚೆ ದಡ ಮುಟ್ಟಿದೆ.
ಗೊತ್ತು ನನಗೆ ಈ ಬೇರು.
ಅಂಗಡಿಯ ಹತ್ತಿರದ ಕೋಟೆ ಗೋಡೆಯಲ್ಲಿ
ಅರಳಿ ಸಸಿ ಮಾಡುವ ಕೆಲಸವೇ ಇದು.
ಎಷ್ಟು ಸಲ ಕಿತ್ತರೂ
ಬಿರುಕು ಮಾತ್ರ ಮನೆಯವರದ್ದಾಗಿ ಉಳಿಯುತ್ತದೆ.

ಆ ರಾತ್ರಿಯೇ ಕರೆಂಟು ಹೋಯಿತು.
ಎಲ್ಲೋ ಟ್ರಾನ್ಸ್‌ಫಾರ್ಮರು ಢಬ್ ಅಂದಿತು,
ಜನರೇಟರು ಎರಡು ಸಲ ಕೆಮ್ಮಿ ಮಲಗಿತು.
ಗಾಜಿನ ಪೆಟ್ಟಿಗೆಯ ಪಂಪು ಮಾತ್ರ ನಿಲ್ಲಲಿಲ್ಲ.
ಮೆಟ್ಟಿಲ ಕೆಳಗೆ, ಪೊರಕೆ ಬಕೆಟ್ಟುಗಳ ಸಾಲಿನಲ್ಲಿ
ಹದಿನಾರು ಕರಿ ಪೆಟ್ಟಿಗೆಗಳು, ಸೀಸದವು, ಅಪ್ಪನ ಕಡೆಯವು,
ಬೆಳಗಿನವರೆಗೆ ನಮ್ಮ ನಾಳೆಯನ್ನು ಹೊತ್ತುಕೊಂಡಿದ್ದವು.

ದಣಿದದ್ದಕ್ಕೆ ಮೊದಲು ಊಟ, ಆಮೇಲೆ ನೀರು,
ಅಪ್ಪನ ಪಾಠ. ಕರೆಂಟು ಬಂದು
ಅವು ಹೊಟ್ಟೆ ತುಂಬಿಸಿಕೊಳ್ಳುವವರೆಗೆ ಕಾದೆ.
ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟರೆ
ನೀರು ಗೆರೆಯಿಂದ ಬೆರಳಷ್ಟು ಕೆಳಗೆ.
ಯಾರೂ ಹಾಕಿಲ್ಲ. ಯಾರಿಗೂ ನೆನಪಿಲ್ಲ.
ಲ್ಯಾಬಿನ ಶುದ್ಧ ನೀರನ್ನೇ ತಂದು
ತೊಂಬತ್ತಾರು ಬಾಯಿಗಳಿಗೂ ಎರೆದೆ.

ಎದ್ದು ನೋಡಿಕೊಂಡರೆ ಬಿಳಿ ಕೋಟಿನ ತೋಳಿನಲ್ಲಿ
ಸಾಸಿವೆಯಷ್ಟು ತೂತು.
ಹೊಸದು ಕೇಳಿದರೆ ಸ್ಟೋರಿನ ಮಾದಯ್ಯ
ರಿಜಿಸ್ಟರು ತಿರುಗಿಸಿದ, ಕಾರಣ ಬರೀರಿ.
ಆಸಿಡ್, ಅಂತ ಬರೆದೆ.
ಕನ್ನಡಕ ಮೇಲೇರಿಸಿ ಎರಡು ಸಲ ಓದಿಕೊಂಡ:
‘ಈ ಬಿಲ್ಡಿಂಗಲ್ಲಿ ಆಸಿಡ್ ಎಲ್ಲಿದೆ ಮೇಡಂ?’